ಎರಡು ಪೆಡಲಿನ ನಡುವಿನ ಕೊಂಡಿ

ಸಕ್ಕರೆ ಫ್ಯಾಕ್ಟರಿಯ ವಾಸನೆ ಸಿಹಿ ಇರುತ್ತದೆ ಅಂತ ದೂರದ ಊರಿನವರು ತಿಳಿದಿರುತ್ತಾರೆ. ಬೆಳಗಾವಿಯಿಂದ ಜಮಖಂಡಿಗೆ ಸೊಸೆಯಾಗಿ ಬರುವವರೆಗೆ ನಾನೂ ಹಾಗೇ ತಿಳಿದಿದ್ದೆ. ಖರೆ ಅಂದರೆ ಅದು ತಳ ಹಿಡಿದ ಬೆಲ್ಲದ ಪಾಕ, ಹಸಿ ಸಿಪ್ಪೆ, ಡೀಸೆಲ್ ಹೊಗೆ, ಸರತಿಯಲ್ಲಿ ನಿಂತ ಎತ್ತುಗಳ ಗಂಜಲ, ಎಲ್ಲಾ ಕೂಡಿದ ಒಂದು ವಾಸನೆ. ಮೊದಲ ಸಲ ಮೂಗು ಮುಚ್ಚಬೇಕೆನಿಸುತ್ತದೆ. ಆಮೇಲೆ ಅದು ಬರದಿದ್ದರೆ ಚಳಿಗಾಲ ಬಂದಂತೆಯೇ ಅನಿಸುವುದಿಲ್ಲ.

ಹೋದ ಚಳಿಗಾಲದಲ್ಲಿ ನಮ್ಮನೆಯವರ ಜೊತೆ ಮುಧೋಳದ ಕಡೆಯ ಒಂದು ಫ್ಯಾಕ್ಟರಿಗೆ ಹೋಗಿದ್ದೆ. ಕಬ್ಬು ನುರಿಸುವ ಹಂಗಾಮು ಶುರುವಾದ ಕೂಡಲೆ, ಕಬ್ಬಿನ ಗಾಡಿಗಳು ನಿಲ್ಲುವ ಅವರ ಯಾರ್ಡಿಗೆ ಬ್ಯಾನರ್ ಕಟ್ಟುವ ಕೆಲಸ ನಮ್ಮ ಅಂಗಡಿಯದು. ಕಾರಿನ ಕಿಟಕಿ ಇಳಿಸಿದ್ದೇ ತಡ, ಆ ವಾಸನೆ ಒಳಗೆ ಬಂತು. ನನ್ನ ಬಲಗೈ ತೋರುಬೆರಳು ತೊಡೆಯ ಮೇಲೆ ತಾನಾಗಿ ಟಕ್ ಟಕ್ ಅಂತ ಒತ್ತತೊಡಗಿತು.

"ಏನ್ ಲೆಕ್ಕಾ ಹಾಕಾಕತ್ತೀ?" ಅಂದರು ನಮ್ಮನೆಯವರು.

"ಏನಿಲ್ರಿ" ಅಂದೆ.

ಲೆಕ್ಕವಲ್ಲ, ಅದು ಮೌಸ್ ಒತ್ತುವ ಬೆರಳು. ನಾನು ಮರೆತದ್ದನ್ನು ಅದು ಮರೆತಿರಲಿಲ್ಲ. ಬಹಳ ವರ್ಷಗಳ ಹಿಂದೆ ಒಂದು ಹಂಗಾಮು ಪೂರ್ತಿ ಆ ಬೆರಳು ಒಂದು ಟ್ರ್ಯಾಕ್ಟರಿನ ಹೊಟ್ಟೆ ಕೊಯ್ದಿತ್ತು.

ಆಗ ಜಮಖಂಡಿಯ ಬಜಾರದ ನಮ್ಮ ಅಂಗಡಿಯಲ್ಲಿ ಝೆರಾಕ್ಸ್, ಲಗ್ನಪತ್ರಿಕೆ, ಬ್ಯಾನರ್ ಇಷ್ಟೇ ಕೆಲಸ. ಮನೆ ಅಂಗಡಿಯ ಹಿಂದೆಯೇ. ಮಧ್ಯಾಹ್ನದ ಅಡಿಗೆ ಮುಗಿಸಿ, ಕೈಯ ಅರಿಶಿಣ ತೊಳೆದು, ನಾನು ಕಂಪ್ಯೂಟರಿನ ಮುಂದೆ ಕೂಡುತ್ತಿದ್ದೆ. ಗಣಪತಿ, ಕಳಸ, ಬಾಳೆಕಂಬ ಇವನ್ನೆಲ್ಲ ಚಿತ್ರದ ಸಾಫ್ಟ್‌ವೇರಿನಲ್ಲಿ ಬರೆಯಲು ನಮ್ಮನೆಯವರೇ ಕಲಿಸಿದ್ದರು. ಗೆರೆ ಅಂದರೆ ಅಲ್ಲಿ ಗೆರೆಯಲ್ಲ. ಎರಡು ಗಂಟಿನ ನಡುವೆ ಎಳೆದ ದಾರ. ಗಂಟು ಹಿಡಿದು ಜಗ್ಗಿದರೆ ದಾರ ಬಾಗುತ್ತದೆ. ಕಸೂತಿ ಬಂದವರಿಗೆ ಅದು ಬೇಗ ಕೈಗೆ ಹತ್ತುತ್ತದೆ.

ಚಿತ್ರದ ಹುಚ್ಚು ನನಗೆ ಕಾನ್ವೆಂಟಿನಿಂದ ಬಂದದ್ದು. ಜೀವಶಾಸ್ತ್ರ ಕಲಿಸುತ್ತಿದ್ದ ಸಿಸ್ಟರ್ ಒಂದು ದಿನ ದಾಸವಾಳವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಮೇಜಿನ ಮೇಲಿಟ್ಟಿದ್ದರು. ಪುಸ್ತಕದಲ್ಲಿ ನೋಡಿದ್ದ ಹೂವನ್ನೇ ನಾನು ಚಂದಾಗಿ ಬರೆದು ತೋರಿಸಿದೆ. ಅವರು ಸಿಟ್ಟಾಗಲಿಲ್ಲ. ಮೇಜಿನ ಮೇಲಿನ ಹೂವಿನ ಒಂದು ಎಸಳನ್ನು ಹುಳ ತಿಂದಿತ್ತು. ಅದರ ಮೇಲೆ ಬೆರಳಿಟ್ಟು, ನನ್ನ ಹಾಳೆಯಲ್ಲಿ ಅದೇ ಎಸಳನ್ನು ರಬ್ಬರಿನಿಂದ ಅಳಿಸಿ ಹೋದರು, ಅಷ್ಟೇ.

ಆ ವರ್ಷ ನನ್ನ ಮೈದುನ ಶಿವು ನಮ್ಮ ಮನೆಗೆ ಇರಲು ಬಂದ. ಬಂದ ಅನ್ನುವುದಕ್ಕಿಂತ, ಊರಿನ ಮನೆಯಲ್ಲಿ ಅವನು ಇರುವಂತಿರಲಿಲ್ಲ. ಚಿಕ್ಕಪಡಸಲಗಿ ಬ್ಯಾರೇಜಿನ ಈಚೆ ನಮ್ಮ ಮಾವನವರ ಹೊಲ. ಹೊಳೆನೀರು ಬಂದ ಮೇಲೆ ಎಲ್ಲಾ ಕಬ್ಬು. ಮನೆಯ ಟ್ರ್ಯಾಕ್ಟರನ್ನು ರೋಡಿನ ಮೇಲೆ ನಡೆಸುವವನು ಶಿವು. ಹೊಲದಲ್ಲಿ ಹೊಡೆಯುವವರು ಮಾವ. ವಯಸ್ಸಾಗಿದ್ದರೂ ಹೊಲದ ಗೆರೆ ಇನ್ನೊಬ್ಬರ ಕೈಯಲ್ಲಿ ಸೊಟ್ಟಾದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಹಂಗಾಮಿನ ಮೊದಲ ವಾರದಲ್ಲೇ ಒಂದು ಮುಂಜಾನೆ ಶಿವು ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೊರಟಿದ್ದ. ಪಕ್ಕದ ಮಡ್‌ಗಾರ್ಡ್ ಮೇಲೆ ಬೀರಪ್ಪ ಕೂತಿದ್ದ. ಬೀರಪ್ಪ ಕುರಿ ಕಾಯುವವರ ಮನೆಯ ಹುಡುಗ, ಸಾಲಿಗೆ ಹೋಗುವಾಗಿನಿಂದ ಶಿವೂನ ಗೆಳೆಯ. ಕಬ್ಬು ಹೇರುವ ಗ್ಯಾಂಗಿನ ಜೊತೆ ಇರುತ್ತಿದ್ದ. ಮುಧೋಳ ರೋಡಿನ ಇಳಿಜಾರಿನಲ್ಲಿ ಕುರಿ ಹಿಂಡೊಂದು ಅಡ್ಡ ಬಂತು. ಶಿವು ಬ್ರೇಕ್ ಒತ್ತಿದ. ಟ್ರ್ಯಾಕ್ಟರ್ ನಿಲ್ಲುವ ಬದಲು ಗಪ್ಪನೆ ಬಲಕ್ಕೆ ತಿರುಗಿತು. ಹಿಂದಿನ ಟ್ರೇಲರುಗಳು ನೂಕಿದವು. ಬೀರಪ್ಪನ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಶಿವೂಗೆ ಹಣೆಯ ಮೇಲೆ ಒಂದು ಗೀರು, ಅಷ್ಟೇ. ಆ ಗೀರು ಅಷ್ಟು ಸಣ್ಣದಾದದ್ದೇ ಅವನ ಮೊದಲ ತಪ್ಪಾಯಿತು.

"ಕುಡದಿದ್ದ" ಅಂದಿತು ಊರು.

ಲಗ್ನ-ಮುಂಜಿವಿಯಲ್ಲಿ ಅವನು ಕುಡಿದದ್ದು ಸುಳ್ಳಲ್ಲ. ಒಂದು ಸಲ ಕುಡಿದವನು ಊರಿನ ಕಣ್ಣಿನಲ್ಲಿ ದಿನಾ ಕುಡಿದವನೇ. ಎಲ್ಲರಿಗಿಂತ ಜೋರಾಗಿ ಹಾಗಂದವರು ಮಾವ. ಗ್ಯಾರೇಜಿನಿಂದ ಟ್ರ್ಯಾಕ್ಟರ್ ರಿಪೇರಿಯಾಗಿ ಬಂದ ದಿನ ಅವರು ಅದರ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು, "ಕುಡಕನ ಕೈಯಾಗ ಇನ್ನ ಇದು ಹೋಗೂದಿಲ್ಲ" ಅಂದರಂತೆ. ಶಿವು ಒಂದು ಚೀಲ ತುಂಬಿಕೊಂಡು ನಮ್ಮಲ್ಲಿಗೆ ಬಂದ.

ಅವನನ್ನು ಹಿಂಡುತ್ತಿದ್ದದ್ದು ಊರಲ್ಲ, ಅಪ್ಪನೂ ಅಲ್ಲ. ದವಾಖಾನೆಗೆ ಹೋದಾಗ ಬೀರಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ. ಮನೆಗೆ ಬಂದ ಮೇಲೆ ಎರಡು ಸಲ ಹೋದರೂ ಅವನ ಅವ್ವ ಬಾಗಿಲಲ್ಲೇ, "ಮಲಗ್ಯಾನಪಾ" ಅಂದು ಕಳಿಸಿದ್ದಳು.

"ಊರ ಮಂದಿ ಏನರ ಅನ್ಲಿ ವೈನಿ" ಅಂದ ಶಿವು ಒಂದು ಮಧ್ಯಾಹ್ನ, ಲಗ್ನಪತ್ರಿಕೆ ಮಡಚುತ್ತ. "ಬೀರ್ಯಾ ಒಬ್ಬ ನಂಬಬೇಕು. ನಾ ಅವತ್ತ ಕುಡದಿದ್ದಿಲ್ಲ. ಇಷ್ಟ ಅವಂಗ ಗೊತ್ತಾದ್ರ ಸಾಕು."

"ಹೋಗಿ ಹೇಳಬಾರದೇನು?"

"ಬಾಯಿ ಮಾತ ಯಾರ್ ನಂಬ್ತಾರ್ರಿ? ಕುಡದಾವ್ರೆಲ್ಲಾ ಕುಡದಿಲ್ಲಂತಾರ."

ಅದೇ ವಾರ ಮುಧೋಳದ ಕಡೆಯ ಆ ಫ್ಯಾಕ್ಟರಿಯ ಯಾರ್ಡ್ ಸಾಹೇಬರು ಬ್ಯಾನರ್ ಹೇಳಲು ಬಂದರು. 'ನಿಧಾನವಾಗಿ ಚಲಿಸಿ, ಮನೆಯಲ್ಲಿ ಕಾಯುತ್ತಿದ್ದಾರೆ' ಅಂತ ಬರೆಯಬೇಕಿತ್ತು. ಹಿಂದೆ ಕೂತಿದ್ದ ಶಿವು ಎದ್ದು ಬಂದ.

"ಸಾಹೇಬ್ರ, ಈ ಬ್ಯಾನರ್ ಯಾವ ಡ್ರೈವರ್ ಓದ್ತಾನ್ರಿ? ಗಾಡಿ ಒಳಗ ಏನೈತಿ ಅನ್ನೂದು ಬರಸ್ರಿ. ಕಾಲಾಗ ಒತ್ತಿದ್ದು ಗಾಲಿಗೆ ಹೆಂಗ ಮುಟ್ಟತೈತಿ ಅಂತ. ಅದನ್ನ ನೋಡ್ತಾರ. ನಮ್ಮ ವೈನಿ ಬರೀತಾರ."

ಸಾಹೇಬರು ನನ್ನನ್ನು ನೋಡಿದರು. ಸೀರೆಯ ಸೆರಗಿಗೆ ಕುಂಕುಮ ಒರೆಸಿಕೊಂಡಿದ್ದೆ. "ಬರೀತೀರೇನ್ರಿ ಅಕ್ಕಾರ?" ಅಂದರು. ಶಿವೂನ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ.

ಒಂದು ಭಾನುವಾರ ಊರಿಗೆ ಹೋಗಿ ಟ್ರ್ಯಾಕ್ಟರಿನ ಫೋಟೋ ಹೊಡೆದುಕೊಂಡು ಬಂದೆವು. ಮಾವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಶಿವು ಅಂಗಳದ ಬೇವಿನ ಗಿಡದ ಹತ್ತಿರವೇ ನಿಂತ, ಗಾಡಿ ಮುಟ್ಟಲಿಲ್ಲ. ನಾನು ಚಾಪೆ ಹಾಸಿ ಅದರ ಕೆಳಗೆ ಮಲಗಿ ಟೇಪಿನಿಂದ ಅಳೆಯುವಾಗ ಅತ್ತೆ, "ಏ ಯವ್ವಾ, ಕಾನ್ವೆಂಟ್ ಸೊಸಿ ಮೇಸ್ತ್ರಿ ಆದ್ಲಲ್ಲಪಾ" ಅಂತ ನಕ್ಕರು. ಮಾವನೂ ನಕ್ಕರು. ಆ ಹಂಗಾಮಿನಲ್ಲಿ ಅವರು ನಕ್ಕದ್ದು ನಾನು ಕಂಡದ್ದು ಅದೊಂದೇ.

ಫೋಟೋದ ಮೇಲೆ ಗೆರೆ ಎಳೆದರೆ ಕೆಲಸ ಮುಗಿಯಿತು ಅಂತ ತಿಳಿದಿದ್ದೆ. ಮುಗಿಯಲಿಲ್ಲ. ಫೋಟೋದಲ್ಲಿ ಹತ್ತಿರದ ಗಾಲಿ ಆನೆಯಷ್ಟು, ದೂರದ್ದು ಆಡಿನಷ್ಟು. ಹಾಗೇ ತಿದ್ದಿ ಬರೆದ ನನ್ನ ಮೊದಲ ಟ್ರ್ಯಾಕ್ಟರನ್ನು ನೋಡಿ ಶಿವು ಬಹಳ ದಿನದ ಮೇಲೆ ನಗಾಡಿದ. "ವೈನಿ, ಇದು ಹೊಲ ಹೊಡಿಯೂ ಗಾಡಿ ಅಲ್ರಿ, ಬೀಗರ ಮನಿಗೆ ಹೊಂಟಂಗೈತಿ. ಮಾರಿ ನೋಡ್ರಿ, ನಗಾಕತ್ತೈತಿ!"

ಮತ್ತೆ ಮೊದಲಿನಿಂದ ಶುರುಮಾಡಿದೆ. ಗಾಲಿ ಗುಂಡಗಿದ್ದರೂ ಓರೆಯಿಂದ ನೋಡಿದರೆ ಮೊಟ್ಟೆ. ಆ ಮೊಟ್ಟೆ ಎಷ್ಟು ಚಪ್ಪಟೆ ಇರಬೇಕು ಅನ್ನುವುದನ್ನು ಗಾಲಿ ಹೇಳುವುದಿಲ್ಲ, ಅದರ ಅಚ್ಚು ಹೇಳುತ್ತದೆ. ಅಚ್ಚಿನ ಗೆರೆ ಒಂದು ಕೂದಲು ತಪ್ಪಿದರೂ ಗಾಲಿ ಬಿದ್ದುಹೋಗುವಂತೆ ಕಾಣುತ್ತದೆ. ಗ್ಯಾರೇಜಿನಿಂದ ಶಿವು ಎಣ್ಣೆ ಹತ್ತಿದ ಒಂದು ಪುಸ್ತಕ ತಂದುಕೊಟ್ಟ. ಅದರಲ್ಲಿ ಎಲ್ಲಾ ಸಾಮಾನು ಬಿಡಿಬಿಡಿಯಾಗಿ, ಹಬ್ಬಕ್ಕೆ ತೊಳೆದಿಟ್ಟ ಪಾತ್ರೆಗಳಂತೆ ಹರಡಿದ್ದವು. ಅವನ್ನು ಒಂದೊಂದಾಗಿ ತಂದು ಹೊಟ್ಟೆಯೊಳಗೆ ಕೂಡಿಸಬೇಕು. ಹೊರಗಿನ ಗೆರೆ ದಪ್ಪ, ಒಳಗಿನದು ತೆಳು. ಕೊಯ್ದ ಕಬ್ಬಿಣದ ಅಂಚಿಗೆಲ್ಲ ಕಲ್ಲಂಗಡಿಯ ಕೆಂಪು. ಕೊಯ್ದದ್ದು ಯಾವುದು, ತಾನಾಗಿ ಕೊನೆಯಾದದ್ದು ಯಾವುದು ಅಂತ ನೋಡಿದ ಕೂಡಲೆ ತಿಳಿಯಬೇಕಲ್ಲ, ಅದಕ್ಕೆ.

ಪ್ರತಿ ಭಾಗಕ್ಕೂ ಬೇರೆ ಪದರ. ಬಾನೆಟ್ ಒಂದು ಪದರ, ಇಂಜಿನ್ ಒಂದು, ಗೇರಿನ ಪೆಟ್ಟಿಗೆ ಒಂದು. ಪದರದ ಹೆಸರಿನ ಮುಂದೆ ಒಂದು ಸಣ್ಣ ಕಣ್ಣಿನ ಗುರುತು. ಆ ಕಣ್ಣು ಮುಚ್ಚಿದರೆ ಆ ಭಾಗ ಮಾಯ. ಶಿವೂಗೆ ಅದು ಬಹಳ ಸೇರಿತು. "ಬಾನೆಟ್ ಕಣ್ಣ ಮುಚ್ಚರಿ ವೈನಿ... ಹಾಂ. ಈಗ ಗೇರ್ ಪೆಟಿಗಿ ಕಣ್ಣ ತಗೀರಿ." ಅಷ್ಟೊತ್ತಿಗೆ ಕರೆಂಟ್ ಹೋಗುತ್ತಿತ್ತು. ಯುಪಿಎಸ್ ಕಿಂಯ್ ಕಿಂಯ್ ಅಂತ ಅಳುತ್ತಿತ್ತು. ಅದು ಸಾಯುವುದರೊಳಗೆ ಸೇವ್ ಮಾಡಬೇಕು. ಒಂದು ಸಲ ಮಾಡದೆ ಇಡೀ ರೇಡಿಯೇಟರ್ ಕಳೆದುಕೊಂಡೆ. ಎರಡು ದಿನದ ಕೆಲಸ. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಹೆಣೆದೆ.

ಅಂಗಡಿಗೆ ಬಂದವರೆಲ್ಲ ಇಣುಕುತ್ತಿದ್ದರು. ಮಗನ ಲಗ್ನಪತ್ರಿಕೆ ಹೇಳಲು ರಬಕವಿಯಿಂದ ಬಂದಿದ್ದ ಒಬ್ಬ ಅಜ್ಜಿ ಕನ್ನಡಕ ಏರಿಸಿ ನೋಡಿ, "ಇದ್ಯಾವ ದೇವ್ರ ತಂಗೀ, ಇಷ್ಟ ಕೈ ಅದಾವ?" ಅಂದಳು. ಆಮೇಲೆ, "ಇರ್ಲಿ, ನಮ್ಮ ಕಾರ್ಡಿಗೆ ಗಣಪ್ಪನ್ನs ಹಾಕ್ರಿ" ಅಂದಳು.

ಹೀಗೆ ನಡೆಯುತ್ತ ಕೆಲಸ ಬ್ರೇಕಿಗೆ ಬಂತು.

ನನಗೆ ಬ್ರೇಕು ಅಂದರೆ ಒಂದು. ಸೈಕಲ್ಲಿಗೆ ಎರಡಿದ್ದರೂ ಮನಸ್ಸಿನಲ್ಲಿ ಒಂದೇ. ಡ್ರೈವರನ ಬಲಗಾಲು ಬರುವ ಕಡೆ ಫೋಟೋದಲ್ಲಿ ಎರಡು ಪೆಡಲ್ ಅಂಟಿಕೊಂಡಂತೆ ಕಂಡವು. ಒಂದು ಬ್ರೇಕು, ಇನ್ನೊಂದು ಏನೋ ಅಂದುಕೊಂಡು, ಎರಡರ ಸರಳನ್ನೂ ಹಿಂಬಾಲಿಸಿ ಗೆರೆ ಎಳೆದೆ. ಒಂದು ಸರಳು ಎಡಗಡೆಯ ದೊಡ್ಡ ಗಾಲಿಗೆ ಹೋಯಿತು. ಇನ್ನೊಂದು ಬಲಗಡೆಯದಕ್ಕೆ. ಬರೆದು ಮುಗಿಸಿ ಹಿಂದೆ ತಿರುಗಿದೆ.

"ಶಿವು, ಒಂದೊಂದು ಗಾಲಿಗೆ ಒಂದೊಂದು ಬ್ರೇಕೇನು?"

"ಹೌದ್ರಿ."

"ಯಾಕ ಹಂಗ?"

"ಹೊಲದಾಗ ಬೇಕಾಗತೈತ್ರಿ. ಸಾಲ ಮುಗದಕೂಡ್ಲೆ ಗಾಡಿ ಅಲ್ಲೇ ತಿರಗಬೇಕಲ್ಲ? ಒಂದs ಕಡೆ ಒತ್ತಿದ್ರ ಆ ಗಾಲಿ ನಿಲ್ಲತೈತಿ, ಗಾಡಿ ಆ ಕಡೆ ಗಿರ್ ಅಂತ ತಿರಗತೈತಿ. ರೋಡಿಗೆ ಬರೂಮುಂದ ಎರಡೂ ಕೂಡಿಸಿ ಕೊಂಡಿ ಹಾಕತಾರ. ಆವಾಗ ಒಂದ ಒತ್ತಿದ್ರೂ ಎರಡೂ ಇಳೀತಾವ. ಅಲ್ಲೈತಿ ನೋಡ್ರಿ, ಪೆಡಲಿನ ನಡುವ, ಸಣ್ಣದು."

ಫೋಟೋ ಹಿಗ್ಗಿಸಿದೆ. ಬೆರಳುದ್ದದ ಒಂದು ಕಬ್ಬಿಣದ ಪಟ್ಟಿ. ಗ್ಯಾರೇಜಿನವರು ಹೊಸದಾಗಿ ಬಣ್ಣ ಹೊಡೆದು ಹಾಕಿಟ್ಟಿದ್ದರು. ಹಸಿರಾಗಿ ಹೊಳೆಯುತ್ತಿತ್ತು.

ಗಾಡಿ ಬಲಕ್ಕೆ ತಿರುಗಿತು ಅಂತ ಅವನು ಮೊದಲ ದಿನದಿಂದ ಹೇಳುತ್ತ ಬಂದಿದ್ದ. ನಾವೆಲ್ಲ ಅದನ್ನು ನೆವ ಅಂತ ತಿಳಿದಿದ್ದೆವು.

"ಅವತ್ತು ಇದು ಹೆಂಗಿತ್ತು?" ಅಂತ ಕೇಳಿದೆ.

ಅವನು ಮಡಚಿದ ಲಗ್ನಪತ್ರಿಕೆಗಳ ಅಂಚು ಸರಿಮಾಡುತ್ತ, "ಬ್ರೇಕ್ ಒತ್ತಿದ್ರ ಗಾಡಿ ಬಲಕ್ಕ ತಿರಗಬೇಕಂದ್ರ ಹೆಂಗಿರಬೇಕೋ ಹಂಗ ಬರೀರಿ ವೈನಿ" ಅಂದ.

"ಕೊಂಡಿ ತಗದಿತ್ತು."

"ನಾ ಹೇಳಿಲ್ಲ. ನೀವ ಹೇಳಿದ್ರಿ."

ಆಗ ನನಗೆ ಎಲ್ಲಾ ಒಂದೊಂದಾಗಿ ಹೊಳೆಯಿತು. ಆ ಮುಂಜಾನೆ ಟ್ರೇಲರ್ ಕಟ್ಟುವ ಮುಂಚೆ ಟ್ರ್ಯಾಕ್ಟರ್ ಹೊಲದಲ್ಲಿತ್ತು. ಹೊಲದಲ್ಲಿ ಯಾರ ಕೈಯಲ್ಲಿತ್ತು ಅನ್ನುವುದನ್ನು ನಮ್ಮ ಮನೆಯಲ್ಲಿ ಕೇಳುವ ಜರೂರಿಲ್ಲ.

"ಮಾವಾರು..." ಅಂದೆ.

"ಗಾಡಿ ಹತ್ತೂಮುಂದ ನೋಡೂದು ನನ್ನ ಕೆಲಸರಿ" ಅಂದ ಅವನು ಬೇಗನೆ. "ರೋಡಿಗೆ ತಗೊಂಡ ಹೊಂಟಾಂವ ನಾನು. ನಾ ಬಗ್ಗಿ ನೋಡಬೇಕಾಗಿತ್ತು, ನೋಡ್ಲಿಲ್ಲ. ಅದರಾಗ ಎರಡ ಮಾತಿಲ್ಲ. ಆದ್ರ ಕುಡದಿದ್ದಿಲ್ಲ. ಅಪ್ಪ ಕೊಂಡಿ ಹಾಕಿದ್ದಿಲ್ಲ ಅಂತ ನನ್ನ ಬಾಯಿಲೆ ಹೆಂಗ ಅನ್ಲಿ? ಅದಕ್ಕ ಚಿತ್ರಾ ಅಂದೆ. ಬೀರ್ಯಾನ ಮುಂದ ಇಡ್ತೇನಿ, ಏನೂ ಅನ್ನೂದಿಲ್ಲ. ಅಂವಾ ಶ್ಯಾಣ್ಯಾ ಅದಾನ. ನೋಡಿದ್ರ ತಿಳ್ಕೊತಾನ."

ಬಾಯಿಂದ ಹೇಳಬಾರದ್ದನ್ನು ನನ್ನ ಬೆರಳಿನಿಂದ ಹೇಳಿಸುತ್ತಿದ್ದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಎದುರಿಗಿದ್ದ ಆ ಸಣ್ಣ ಪಟ್ಟಿ ಮಾತ್ರ ಬಹಳ ಭಾರ ಅನಿಸಿತು. ಮಾತಿನಲ್ಲಾದರೆ 'ತೆಗೆದಿತ್ತೋ ಏನೋ' ಅನ್ನಬಹುದು. ಚಿತ್ರಕ್ಕೆ 'ಏನೋ' ಅನ್ನಲು ಬರುವುದಿಲ್ಲ. ಕೊಂಡಿ ಹಾಕಿರಬೇಕು, ಇಲ್ಲವೇ ತೆಗೆದಿರಬೇಕು. ನಾನು ಕಂಡಿದ್ದು ಹಾಕಿದ್ದನ್ನು, ತಿಳಿದದ್ದು ತೆಗೆದದ್ದನ್ನು. ಸಿಸ್ಟರ್ ಇದ್ದಿದ್ದರೆ ಯಾವುದನ್ನು ಅಳಿಸುತ್ತಿದ್ದರೋ.

ತೆಗೆದೇ ಬರೆದೆ. ಪೆಡಲ್ ಎರಡೂ ಬೇರೆ ಬೇರೆ, ಬಲದ್ದು ಕೆಳಗೆ ಇಳಿದು, ಎಡದ್ದು ಮೇಲೇ ನಿಂತು; ಬಲಗಾಲಿಯ ಬ್ರೇಕಿನ ಬಿಲ್ಲೆಗಳು ಬಿಗಿಯಾಗಿ ಒತ್ತಿಕೊಂಡಿವೆ; ನಡುವೆ ಕೊಂಡಿ ಹಿಂದಕ್ಕೆ ಮಡಚಿಕೊಂಡು ಬಿದ್ದಿದೆ. ನಾನು ಬರೆದ ಚಿತ್ರಗಳಲ್ಲೆಲ್ಲ ಅಷ್ಟು ಸರಿಯಾದದ್ದು ಮತ್ತೊಂದಿಲ್ಲ. ಶಿವು ಬಹಳ ಹೊತ್ತು ನೋಡಿದ. "ಇದs ರಿ" ಅಂದ. "ಇದs."

ಮರುದಿನ ಪ್ರಿಂಟ್ ತೆಗೆಯಬೇಕು. ಮುಂಜಾನೆ ಮಾವ ಬಂದರು.

ಅವರು ಸಂತೆಗೆ ಬಂದರೆ ಅಂಗಡಿಯ ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೋಗುವವರು, ಒಳಗೆ ಬರುವವರಲ್ಲ. ಅವತ್ತು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. "ಗಾಡಿ ಚಿತ್ರಾ ಬರದಾಳಂತಲ್ಲ ನಮ್ಮ ಸೊಸಿ, ಪ್ಯಾಟ್ಯಾಗೆಲ್ಲಾ ಅದs ಮಾತು. ಎಲ್ಲಿ, ತೋರಸು" ಅಂದರು. ಶಿವು ಹಿಂದಿನ ಗೋಡೆಗೆ ಸರಿದ. ಅಪ್ಪ ಮಗನನ್ನು ನೋಡಲಿಲ್ಲ.

ನಾನು ಚಿತ್ರ ತೆರೆದೆ. ಮಾವ ಬಗ್ಗಿದರು. ಅವರಿಗೆ ಅಕ್ಷರ ಅಷ್ಟಕ್ಕಷ್ಟೆ, ಆದರೆ ಗಾಡಿ ಓದಲು ಬರುತ್ತಿತ್ತು. ಪರದೆಯ ಮೇಲೆ ಬೆರಳಿಟ್ಟು ಹೊರಟರು. ರೇಡಿಯೇಟರ್, ಫ್ಯಾನ್, ಇಂಜಿನ್, ಒಂದೊಂದಕ್ಕೂ "ಹಾಂ... ಹಾಂ..." ಅನ್ನುತ್ತಿದ್ದರು. ಗೇರಿನ ಹಲ್ಲುಗಳನ್ನು ನೋಡಿ, "ಅಬಬಬಾ" ಅಂದರು. ನನಗೆ ಹೆಮ್ಮೆ ಆಯಿತು, ಆದರೆ ಆ ಬೆರಳು ಯಾವ ಕಡೆ ನಡೆದಿದೆ ಅಂತ ನನಗೆ ಗೊತ್ತಿತ್ತು. ಆಗ ಒಂದು ಸಲ ಕರೆಂಟ್ ಹೋಗಬಾರದೇ ಅಂತ ಬೇಡಿಕೊಂಡೆ. ದಿನಾ ಹೋಗುವ ಕರೆಂಟ್ ಅವತ್ತು ಹೋಗಲಿಲ್ಲ.

ಬೆರಳು ಬಲಗಾಲಿಯಿಂದ ಸರಳಿನ ಗುಂಟ ಮುಂದೆ ಬಂತು. ಪೆಡಲಿಗೆ ಬಂತು. ನಿಂತಿತು.

"ಕೊಂಡಿ ತಗದೈತಲ್ಲ" ಅಂದರು.

"ಹೌದ್ರಿ ಮಾವಾರ."

"ಹೊಲದಾಗ ತಗೀತೇವಿ."

"ಹೌದ್ರಿ."

ಹೊರಗೆ ಯಾರೋ ಸ್ಕೂಟರ್ ಕಿಕ್ ಹೊಡೆಯುತ್ತಿದ್ದರು, ಚಾಲೂ ಆಗುತ್ತಿರಲಿಲ್ಲ. ಮಾವನ ಬೆರಳು ಪರದೆಯ ಮೇಲೇ ಇತ್ತು. ಉಗುರಿನ ಸಂದಿಯ ಮಣ್ಣು, ಅದರ ಸುತ್ತ ಗಾಜಿನ ಮೇಲೆ ಮೂಡಿದ ಬೆವರಿನ ಒಂದು ಸಣ್ಣ ಮಂಜು, ಇಷ್ಟೇ ನನಗೆ ಕಾಣುತ್ತಿದ್ದದ್ದು. ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಅವರ ಇನ್ನೊಂದು ಕೈ ಧೋತರದ ಮೇಲಿಂದ ಸೊಂಟದ ಕೀಲಿಕೈ ಹುಡುಕಿ ಹಿಡಿದುಕೊಂಡಿತ್ತು.

"ಇದ ರೋಡಿನ ಮ್ಯಾಲಿನ ಚಿತ್ರ ಅಲ್ಲೇನು?" ಅಂದರು ಕೊನೆಗೆ. ದನಿ ಎಂದಿನದಾಗಿರಲಿಲ್ಲ. "ರೋಡಿನ ಮ್ಯಾಲ ಅಂದ್ರ ಹಾಕಿರಬೇಕು. ಹಾಕಿ ಬರಿ."

ನಾನು ತಿರುಗಿ ಶಿವೂನನ್ನು ನೋಡಿದೆ. ಅವನು ಮಾತಾಡಲಿ ಅಂತಲ್ಲ. ನನಗೆ ಬೇರೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವನು ಅಪ್ಪನ ಬೆನ್ನನ್ನು ನೋಡುತ್ತಿದ್ದ. ಆ ಬೆನ್ನು ಅಷ್ಟು ಬಗ್ಗಿದ್ದನ್ನು ಅವನೂ ಅವತ್ತೇ ಕಂಡನೇನೋ.

"ಹಾಕ್ರಿ ವೈನಿ" ಅಂದ.

ಇಬ್ಬರು ಗಂಡಸರು, ಇಬ್ಬರ ಮಾತೂ ಒಂದೇ, ನಡುವೆ ನನ್ನ ಬೆರಳು. ಗಂಟು ಹಿಡಿದು ಜಗ್ಗಿದೆ. ಎಡ ಪೆಡಲ್ ಕೆಳಗೆ ಇಳಿಯಿತು, ಕೊಂಡಿ ಹೊರಳಿ ತನ್ನ ಜಾಗದಲ್ಲಿ ಕೂತಿತು. ಒಂದು ಬಟ್ಟಲು ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ನಮ್ಮಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಡ್ರೈವರುಗಳಿಗೆ ತೋರಿಸಬೇಕಾದ ಸರಿಯಾದ ಚಿತ್ರ ಅದೇ ತಾನೆ?

ಮಾವ ನೀರು ಕೇಳಿ ಕುಡಿದರು. ಹೋಗುವಾಗ ಉಡದಾರದಿಂದ ಕೀಲಿಕೈ ಬಿಚ್ಚಿ, ಕೌಂಟರಿನ ಮೇಲೆ, ಅಂಟಿನ ಡಬ್ಬಿಯ ಪಕ್ಕ ಇಟ್ಟರು. ಯಾರಿಗೆ ಅಂತ ಹೇಳಲಿಲ್ಲ. ಚಪ್ಪಲಿ ಮೆಟ್ಟಿ ಬಿಸಿಲಿಗೆ ಇಳಿದರು.

ಮಧ್ಯಾಹ್ನ ಬಂದ ನಮ್ಮನೆಯವರು, "ಯಾವನೋ ಗಿರಾಕಿ ಕೀಲಿಕೈ ಬಿಟ್ಟ ಹೋಗ್ಯಾನ ನೋಡು" ಅಂತ ಮೊಳೆಗೆ ತೂಗುಹಾಕಿದರು. ಬಹಳ ದಿನ ಅದು ಅಲ್ಲೇ ಇತ್ತು. ಶಿವು ಅದನ್ನು ಮುಟ್ಟಲಿಲ್ಲ. "ಬೀರಪ್ಪಗ ಮೊದಲಿನದs ಒಂದು ಪ್ರಿಂಟ್ ತಗದು ಕೊಡ್ತೇನಿ" ಅಂದರೆ, "ಬ್ಯಾಡ್ರಿ" ಅಂದ. ಮತ್ತೊಮ್ಮೆ ಕೇಳಿದ್ದಕ್ಕೆ, "ಅಪ್ಪಗ ತಿಳೀತಲ್ರಿ, ಸಾಕು" ಅಂದ. ಸಾಕಾಗಿರಲಿಲ್ಲ. ಊಟಕ್ಕೆ ಕೂತಾಗ ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದ. ನಾನು ಪಲ್ಯ ಬಡಿಸುವುದನ್ನು ಬಿಟ್ಟು ಬೇರೆ ಏನು ಮಾಡಲಿ?

ಮಾವ ಅಂದಿನಿಂದ ಕುಡುಕ ಅನ್ನುವ ಮಾತು ಬಿಟ್ಟರು. ಊರು ಬಿಡಲಿಲ್ಲ. ಊರಿಗೆ ಅವರೇ ಕಲಿಸಿದ ಮಾತನ್ನು ಅವರಿಗೂ ಮರೆಸಲಾಗಲಿಲ್ಲ. ಯುಗಾದಿಯ ಹೊತ್ತಿಗೆ ಟ್ರ್ಯಾಕ್ಟರ್ ಮಾರಿದರು. ಶಿವು ಬೀಳಗಿಗೆ ಹೋಗಿ ಪಂಪಿನ ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿತು ಅಲ್ಲೇ ಅಂಗಡಿ ಹಾಕಿದ. ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ.

ಇಷ್ಟು ನೆನಪಾಗುವುದರೊಳಗೆ ಕಾರು ಯಾರ್ಡಿನ ಗೇಟಿನಲ್ಲಿ ನಿಂತಿತ್ತು.

ಒಳಗೆ ಹೊಸ ಹಂಗಾಮಿನ ತಾಲೀಮು ನಡೆದಿತ್ತು. ತಗಡಿನ ಚಪ್ಪರದ ಕೆಳಗೆ ಹತ್ತಾರು ಡ್ರೈವರುಗಳು ಕೂತಿದ್ದರು. ಎದುರಿನ ಗೋಡೆಯ ಮೇಲೆ ನನ್ನ ಟ್ರ್ಯಾಕ್ಟರ್! ಇಷ್ಟು ವರ್ಷ ಬಿಸಿಲು-ಧೂಳು ತಿಂದು ಕಲ್ಲಂಗಡಿ ಕೆಂಪು ಈಗ ಗೋಧಿ ಬಣ್ಣವಾಗಿತ್ತು. ಅದರ ಮುಂದೆ ಒಂದು ಕೋಲು ಹಿಡಿದು, ಪ್ಯಾಂಟಿನೊಳಗಿನ ಕೃತಕ ಕಾಲಿನ ಮೇಲೆ ಸ್ವಲ್ಪ ವಾಲಿ ನಿಂತು ಒಬ್ಬ ಹೇಳುತ್ತಿದ್ದ: "ಲೇ ಮಕ್ಕಳ್ರ್ಯಾ, ಹಾಡ ಹಚ್ಚೂದು ಆಮ್ಯಾಲ. ಮೊದಲ ಬಗ್ಗಿ ಈ ಕೊಂಡಿ ನೋಡ್ರಿ. ಇದು ಬಿದ್ದಿದ್ರ ರೋಡಿಗೆ ಬರಬ್ಯಾಡ್ರಿ. ತಿಳೀತಿಲ್ಲೋ?" ಕೋಲಿನ ತುದಿ ಪೆಡಲಿನ ಮೇಲೆ ಟಪ್ ಅಂತ ಬಡಿಯಿತು.

ಬೀರಪ್ಪ. ಯಾರ್ಡಿನಲ್ಲಿ ಚೀಟಿ ಕೊಡುವ ಕೆಲಸ ಸಿಕ್ಕಿದೆ ಅಂತ ಕೇಳಿದ್ದೆ, ನೋಡಿರಲಿಲ್ಲ.

ತಾಲೀಮು ಮುಗಿದ ಮೇಲೆ ಅವನೇ ಬಂದು ಕೈಮುಗಿದ. "ಆರಾಮ ಅದೀರ್ಯಾ ಅಕ್ಕಾರ?" ಅಂದ. ಹೋದ ವರ್ಷ ತೀರಿಕೊಂಡ ಮಾವನವರ ಬಗ್ಗೆ ನಾಕು ಒಳ್ಳೆಯ ಮಾತಾಡಿದ. ಆಮೇಲೆ ಇಬ್ಬರೂ ಚಿತ್ರದ ಮುಂದೆ ನಿಂತೆವು. ವರ್ಷ ವರ್ಷ ಕೋಲು ಬಡಿದು ಬಡಿದು ಕೊಂಡಿ ಇದ್ದ ಜಾಗ ಬೆಳ್ಳಗೆ ಸವೆದುಹೋಗಿತ್ತು. ಹಾಕಿದೆಯೋ ತೆಗೆದಿದೆಯೋ ಹೇಳಲಾಗದಂತೆ.

"ನೀವ ಇದನ್ನ ಹಾಕಿ ಬರದಿದ್ರಿ" ಅಂದ ಬೀರಪ್ಪ.

"ಹೌದು."

"ಅವತ್ತ ತಗದಿತ್ರಿ."

"ನಿನಗ ಹೆಂಗ ಗೊತ್ತು?" ಅಂದೆ.

"ಮಡ್‌ಗಾರ್ಡ್ ಮ್ಯಾಲ ಕುಂತಾಂವಗ ಮತ್ತೇನ ಕಾಣತೈತ್ರಿ? ಕಾಲ ಬುಡಕs ಇತ್ತು. ಊರ ದಾಟೂಮುಂದs ನೋಡಿದ್ದೆ. ಶಿವ್ಯಾಗ ಹೇಳಬೇಕಂತ ಬಾಯಿ ತಗದೆ. ಟೇಪಿನ ಸೌಂಡ ಭಾಳ ಇಟ್ಟಿದ್ದ. ಏನ್ ಒದರಿದ್ರೂ ಕೇಳಿಸ್ತಿದ್ದಿಲ್ಲ. ಹಾಡ ಮುಗೀಲಿ, ಹೇಳೂನು ಅಂತ ಸುಮ್ಮಕುಂತೆ." ಕೋಲಿನ ತುದಿಯಿಂದ ನೆಲದ ಮೇಲಿನ ಕಬ್ಬಿನ ಒಂದು ಒಣಗರಿಯನ್ನು ಸರಿಸಿದ. "ಅಷ್ಟರಾಗ ಇಳಕಲಾ ಬಂತು."

"ಮತ್ತೆ ಅವನ ಜೊತೆ ಯಾಕ ಮಾತು ಬಿಟ್ಟಿ? ಅಂವ ಕುಡದಿದ್ದ ಅಂತ ನೀನೂ..."

"ಕುಡದಿದ್ದಿಲ್ರಿ ಅಂವಾ! ನಂಗ ಗೊತ್ತಿಲ್ಲೇನು?" ಅಂದ, ಸಿಟ್ಟು ಬಂದವನಂತೆ. "ಮಾತಾಡಿದ್ರ ಇದು ಬಾಯಾಗ ಬರತಿತ್ತು. ಬಂದ್ರ ನಿಮ್ಮ ಮಾವ ಗೌಡರ ಹೆಸರು ಬರತಿತ್ತು. ನೋಡಿ ನೋಡಿ ಸುಮ್ಮಕುಂತ ನನ್ನ ಹೆಸರೂ ಬರತಿತ್ತು. ಅಂವಾ ಎದುರಿಗೆ ಬಂದ್ರ ನಂಗ ಗ್ವಾಡಿ ಕಡೆ ತಿರಗೂದs ಆಗ್ತಿತ್ರಿ. ಈಗ ಗೌಡರಿಲ್ಲ. ನೀವ ಸಿಕ್ರಿ, ಅಂದೆ."

ನಮ್ಮನೆಯವರು ದೂರದಿಂದ ಹಾರ್ನ್ ಹೊಡೆದರು. ಬೀರಪ್ಪ ಸವೆದ ಜಾಗವನ್ನು ಅಂಗೈಯಿಂದ ಒರೆಸಿ, "ಇದೊಂದ ಮತ್ತ ಬರದ ಕೊಡ್ರಿ ಅಕ್ಕಾರ, ಹುಡುಗೂರಿಗೆ ಕಾಣವಲ್ದು" ಅಂದ. ಆಗಲಿ ಅಂದೆ. ಹೇಗೆ ಬರೆಯಲಿ ಅಂತ ಕೇಳಲಿಲ್ಲ.

ಮುಂದಿನ ವಾರ ಬೀಳಗಿಗೆ ಹೋದೆ. ಶಿವು ತಾಮ್ರದ ತಂತಿ ಸುತ್ತುತ್ತ ಕೂತಿದ್ದ. ತಲೆ ಅರ್ಧ ಬೆಳ್ಳಗಾಗಿದೆ. ಹಣೆಯ ಗೀರು ಮಾತ್ರ ಹಾಗೇ. ಬೀರಪ್ಪ ಹೇಳಿದ್ದನ್ನು ಅವನು ಹೇಳಿದ ಹಾಗೆಯೇ, ಒಂದು ಮಾತೂ ಕೂಡಿಸದೆ, ಕಳೆಯದೆ ಹೇಳಿದೆ. ಕೊಂಡಿ ನೋಡಿದ್ದು. ಬಾಯಿ ತೆರೆದದ್ದು. ಹಾಡು ಮುಗಿಯಲಿ ಅಂತ ಕೂತದ್ದು. ಕುಡಿದಿರಲಿಲ್ಲ ಅಂತ ಅವನಿಗೆ ಮೊದಲ ದಿನದಿಂದ ಗೊತ್ತಿದ್ದದ್ದು.

ಶಿವು ಸುತ್ತುವುದನ್ನು ನಿಲ್ಲಿಸಲಿಲ್ಲ. ಸುತ್ತಿನ ಮೇಲೆ ಸುತ್ತು ಬೀಳುತ್ತಲೇ ಇತ್ತು. ಅವನು ಅಳುತ್ತಾನೆ ಅಂದುಕೊಂಡಿದ್ದೆ. ಇಲ್ಲವೇ ಈಗಲೇ ಗಾಡಿ ಹತ್ತಿ ಬೀರಪ್ಪನ ಹತ್ತಿರ ಹೋಗೋಣ ಅನ್ನುತ್ತಾನೆ ಅಂದುಕೊಂಡಿದ್ದೆ. ತಂತಿಯ ತುದಿ ಬಂತು. ಅದನ್ನು ಹಲ್ಲಿನಿಂದ ಹಿಡಿದು, ಗಂಟು ಹಾಕಿ, ತಲೆ ಎತ್ತಿದ.

"ಯಾವ ಹಾಡಿತ್ತಂತ್ರಿ ವೈನಿ?" ಅಂದ. "ನಂಗ ನೆನಪಾಗವಲ್ದು. ಇಷ್ಟ ವರ್ಷ ಆತು, ಎಲ್ಲಾ ನೆನಪೈತಿ, ಅದೊಂದ ನೆನಪಾಗವಲ್ದು."

ಅದನ್ನು ನಾನು ಬೀರಪ್ಪನಿಗೆ ಕೇಳಿರಲಿಲ್ಲ.